ಡೀಸೆಲ್ ಮೀಟರಿನ ಗುರುಮಲ್ಲಪ್ಪ

ಮುಳ್ಳು ಕಂಡಲ್ಲಿ ಗುರುಮಲ್ಲಪ್ಪನವರ ನಡಿಗೆ ನಿಲ್ಲುತ್ತಿತ್ತು. ಗಡಿಯಾರವಿರಲಿ, ಅಂಗಡಿಯ ತಕ್ಕಡಿಯಿರಲಿ, ನಿಂತ ಬಸ್ಸಿನ ಮೀಟರಿರಲಿ, ಬಾಗಿ, ಉಗುರಿನಿಂದ ಗಾಜನ್ನು ಎರಡು ಸಲ ತಟ್ಟಿ, ಅದು ನಿಜ ಹೇಳುತ್ತಿದೆಯೆಂದು ಮನವರಿಕೆಯಾದ ಮೇಲೆಯೇ ಮುಂದಿನ ಹೆಜ್ಜೆ. ಶಿಕಾರಿಪುರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಅವರ ಬೂದು ಕೋಟಿನ ಎಡಜೇಬು ಬೆಸುಗೆಯ ತಂತಿಯಿಂದ ಸದಾ ಜೋತಾಡುತ್ತಿತ್ತು. ಆ ಭಾರಕ್ಕೋ ಏನೋ, ಮನುಷ್ಯ ಎಡಕ್ಕೆ ವಾಲಿಯೇ ನಡೆಯುತ್ತಿದ್ದರು.

ತೊಂಬತ್ತಾರನೆಯ ಇಸವಿಯಲ್ಲಿ ಅವರ ಪರಮಮಿತ್ರ, ಸೊರಬದ ಕಡೆಯ ಹೊಸಬಾಳೆಯ ಲಾರಿ ಡ್ರೈವರ್ ಧರ್ಮಪ್ಪನಿಗೆ ಲಕ್ವ ಹೊಡೆದು ಬಲಗೈ ಸೋತಿತು. ದಿನವೂ ರಬ್ಬರ್ ಚೆಂಡು ಹಿಸುಕಬೇಕೆಂದು ಡಾಕ್ಟರು ಹೇಳಿದರೆ, ಆತ ಅದನ್ನು ಮೂಲೆಗೆಸೆದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಗುರುಮಲ್ಲಪ್ಪನವರು ಅಟ್ಟ ಹತ್ತಿದರು. ಇಪ್ಪತ್ತು ವರ್ಷದ ಹಿಂದೆ, ಗುಜರಿ ಲಾರಿಯ ಮೀಟರುಗಳನ್ನು ಮೇಜಿನ ಮೇಲೆ ಕುಣಿಸಬೇಕೆಂಬ ಹುಚ್ಚಿಗೆ ಕಟ್ಟಿದ್ದ ಸರ್ಕ್ಯೂಟೊಂದು ಅಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಜಿರಳೆಗಳ ಪಾಲಾಗಿತ್ತು. ತುಕ್ಕು ಕೆರೆದು, ಸತ್ತ ಬಿಡಿಭಾಗಗಳನ್ನು ಕಿತ್ತು, ಹೊಸದಾಗಿ ಬೆಸೆದು, ಸ್ಪ್ರಿಂಗಿನ ಹಿಡಿಯೊಂದಕ್ಕೆ ಹಳೇ ರೇಡಿಯೊದ ವಾಲ್ಯೂಮ್ ಗುಂಡಿ ಜೋಡಿಸಿ, ಹಿಡಿ ಹಿಸುಕಿದಷ್ಟೂ ಡೀಸೆಲ್ ಮೀಟರಿನ ಮುಳ್ಳು ಏಳುವಂತೆ ಮಾಡಿದರು. ಅದನ್ನು ಕಂಡದ್ದೇ ಧರ್ಮಪ್ಪ ಎದ್ದು ಕೂತ. ಡ್ರೈವರಾದವನು ಖಾಲಿ ಟ್ಯಾಂಕನ್ನು ಹೇಗೆ ಸಹಿಸಿಯಾನು?

“ಸ್ವಲ್ಪ ಜಾಸ್ತಿ ತೋರ್ಸೋ ಹಂಗೆ ಮಾಡಿ, ಅವ್ರಿಗೆ ಧೈರ್ಯ ಬರ್ತದೆ,” ಎಂದು ಅವನ ಹೆಂಡತಿ ವರದಮ್ಮ ಬೇಡಿಕೊಂಡರು.

“ಮುಳ್ಳು ಸುಳ್ಳು ಹೇಳ್ಬಾರ್ದವ್ವ. ಇದ್ದಷ್ಟೇ ತೋರಿಸ್ಬೇಕು,” ಎಂದರು ಇವರು.

ಕಾಲು ಟ್ಯಾಂಕಿನವರೆಗೆ ಏರಿದ್ದ ಮುಳ್ಳು ಮೂರನೆಯ ವಾರ ದಿನೇ ದಿನೇ ಇಳಿಯತೊಡಗಿತು. ಕೈ ಮತ್ತೆ ಸಾಯುತ್ತಿದೆಯೆಂದುಕೊಂಡ ಧರ್ಮಪ್ಪ ಊಟ ಬಿಟ್ಟ. ಸುದ್ದಿ ತಿಳಿದು ಗುರುಮಲ್ಲಪ್ಪನವರು ಓಡಿದಾಗ, ಅವರ ಬಳಿ ರಿಪೇರಿ ಕಲಿಯುತ್ತಿದ್ದ ನಾನೂ ಜೊತೆಗಿದ್ದೆ. ಟೆಸ್ಟರ್ ಹಿಡಿದು ತಂತಿಯ ಜಾಡಿನಲ್ಲಿ ಹೋದರೆ, ಮೀಟರಿಗೆ ಕೊಟ್ಟಿದ್ದ ಟ್ರ್ಯಾಕ್ಟರ್ ಬ್ಯಾಟರಿಗೇ, ಕರೆಂಟು ಹೋದ ಸಂಜೆಗಳಲ್ಲಿ, ಮನೆಯವರು ಟಿವಿಯನ್ನೂ ತಗುಲಿಸಿದ್ದರು. ಸೋತದ್ದು ಬ್ಯಾಟರಿ, ಕೈಯಲ್ಲ.

ಟಿವಿಯ ಮೇಲೆ ತಪ್ಪು ಹೊರಿಸಿ ಜಾರಿಕೊಳ್ಳಬಹುದಿತ್ತು. ಅವರು ನೆರೆದವರೆದುರಿಗೇ ಮಂಚದ ಬಳಿ ಕುಕ್ಕರಿಸಿ, “ಬ್ಯಾಟ್ರಿ ಇಳಿದ್ರೂ ಮುಳ್ಳು ಇಳೀದಂಗೆ ಮಾಡ್ಬೇಕಿತ್ತು, ಮರೆತೆ. ನನ್ ಮುಳ್ಳೇ ಸುಳ್ಳು ಹೇಳ್ತು ಧರ್ಮಪ್ಪ, ನಿನ್ ಕೈ ಸರಿ ಐತಿ,” ಎಂದರು. ಧರ್ಮಪ್ಪ ಬಲಗೈ ಚಾಚಿ, ಅವರ ಮಣಿಕಟ್ಟು ಹಿಡಿದು ಹಿಸುಕಿದ. ಗುರುಮಲ್ಲಪ್ಪನವರ ಮುಖ ನೋವಿಗೆ ಕಿವುಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ತಮ್ಮ ಅಳತೆಯನ್ನು ನಂಬಿ ಬದುಕುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆ ಅಳತೆ ತಪ್ಪೆಂದು ತಿಳಿದ ಗಳಿಗೆಯಲ್ಲಿ ಎದುರಿನ ಮನುಷ್ಯನ ಕಾಲ ಬಳಿ ಕೂತು ಅದನ್ನು ಹೇಳಬಲ್ಲವರು ವಿರಳ.