ಕಾಂಟ್ರ್ಯಾಕ್ಟ್ ಕಪ್ಪೆ

ಕಪ್ಪೆಯೂ ಹಾರಬಾರದು, ಫೋಕಸ್ಸೂ ಜಾರಬಾರದು. ಹಾವು, ಕೋಲು ಎಂದೆಲ್ಲ ಹಿರಿಯರು ಹೇಳಿದ್ದು ಅವರ ಕೈಗೆ ಕ್ಯಾಮೆರಾ ಸಿಗುವ ಮೊದಲು. ಈ ತಿದ್ದುಪಡಿಯಾದ ಗಾದೆಗೆ ಸಾಕ್ಷಿಯಾಗಿ ಒಂದು ಅಪ್ಪಟ ನಿಜವಾದ ಕಥೆಯಿದೆ. ನಂಬದವರು ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಳಿದು, ರಸ್ತೆ ದಾಟಿದ ಮೇಲೂ ಜೀವವಿದ್ದರೆ, ಅದರ ಹಿಂದಿರುವ ನೌಕರರ ಕಾಲೊನಿಯಲ್ಲಿ ಯಾರನ್ನಾದರೂ ಕೇಳಬಹುದು.

ಶಿವಾಜಿನಗರದ ಮುದಸ್ಸಿರನ ಗಂಟಲು ಅವನೊಬ್ಬನದೇ ಆಗಿರಲಿಲ್ಲ. ಮೆಟ್ರೋದಲ್ಲಿ ನಿಲ್ದಾಣ ಕೂಗುವ ಹೆಂಗಸು, ಬಿರಿಯಾನಿ ಹಂಡೆಯ ಮುಚ್ಚಳ, ತಾಯಿ ಇಮಾಮ್ ಬೀಯ ಬೈಗುಳ, ಎಂ.ಕಾಂ. ತರಗತಿಯ ಮೇಷ್ಟ್ರುಗಳು, ಎಲ್ಲರೂ ಅದರಲ್ಲಿ ಬಾಡಿಗೆಗಿದ್ದರು. ಅವನದು ಒಂದೇ ದೌರ್ಬಲ್ಯ. ಯಾರೋ ಕೇಳುತ್ತಿದ್ದಾರೆ ಅನ್ನಿಸಿದರೆ ಸಾಕು, ದನಿ ತಾನಾಗಿ ಏರಿಬಿಡುತ್ತಿತ್ತು.

ಅವನ ಸಹಪಾಠಿ, ಆ ಕಾಲೊನಿಯ ವಿಭಾಳ ಅಪ್ಪ ಅನಂತರಾಮು ಅವರಿಗೆ ಕಪ್ಪೆಯ ಹುಚ್ಚು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಜೊತೆಯವರು ವಾಕಿಂಗ್ ಹಿಡಿದರು, ದೇವರನ್ನು ಹಿಡಿದರು. ಇವರು ಕಪ್ಪೆ ಹಿಡಿದರು, ಅದೂ ಕ್ಯಾಮೆರಾದಲ್ಲಿ. ಸಿಂಕಿನ ಕೆಳಗಿನದು, ತುಳಸಿ ಕಟ್ಟೆಯದು, ಸ್ಕೂಟರ್ ಸೀಟಿನ ಮೇಲೆ ಸವಾರನಂತೆ ಕೂತದ್ದು, ಯಾವುದನ್ನೂ ಬಿಟ್ಟಿರಲಿಲ್ಲ. ಮನೆಯ ಆಲ್ಬಮ್ಮಿನಲ್ಲಿ ವಿಭಾಗಿಂತ ಬಚ್ಚಲ ಕಪ್ಪೆಗೇ ಹೆಚ್ಚು ಪುಟ.

ಕೈಗೆ ಸಿಗದೆ ಉಳಿದದ್ದು ಕಾಲೊನಿಯ ಹಿಂದಿನ ಮಳೆನೀರು ಹೊಂಡದ ಗೋಂಕರು ಕಪ್ಪೆ. ಮೊದಲ ಮಳೆಗೆ ಮೈತುಂಬ ಅರಿಸಿನ ಬಳಿದುಕೊಂಡು, ಕೂಗುವಾಗ ಗಂಟಲಿನ ಎರಡೂ ಪಕ್ಕ ನೀಲಿ ಬುಗ್ಗೆ ಊದಿಸುವ ಗಂಡು. ಹಿಂದಿನ ವರ್ಷ ಅನಂತರಾಮು ಅದನ್ನು ಕಣ್ಣಾರೆ ಕಂಡಿದ್ದರು. ಆತುರದಲ್ಲಿ ತೆಗೆದ ಮಸುಕು ಫೋಟೊ ನೋಡಿದವರು ಮಾತ್ರ "ಜಾಮೂನು ಚೆನ್ನಾಗಿದೆ" ಎಂದಿದ್ದರು.

ಈ ವರ್ಷ ಫೋಟೊ ಬೇಕೇಬೇಕಿತ್ತು. ಕಾಲೊನಿ ಸಂಘದ ಕಾರ್ಯದರ್ಶಿ ಕೋಕಿಲಾ, ಹೆಸರಿನಲ್ಲಷ್ಟೇ ಕೋಗಿಲೆ, ಹೊಂಡ ಮುಚ್ಚಿ ಕಾರು ನಿಲ್ಲಿಸಲು ಕಾಂಕ್ರೀಟ್ ಹಾಕಿಸುತ್ತೇನೆಂದು ಪಟ್ಟು ಹಿಡಿದಿದ್ದರು.

"ಅಲ್ಲಿ ಗೋಂಕರು ಕಪ್ಪೆ ಇದೆ ಮೇಡಂ."

"ಎಲ್ಲಿದೆ ಸಾರ್? ಫೋಟೊ ತೋರ್ಸಿ. ಜಾಮೂನು ಬೇಡ. ಭಾನುವಾರದೊಳಗೆ ತೋರ್ಸಿದ್ರೆ ಹೊಂಡ ನಿಮ್ದು. ಇಲ್ಲಾಂದ್ರೆ ಸೋಮವಾರ ಮಣ್ಣಿನ ಲಾರಿ ಬರುತ್ತೆ."

ಅಂದಿನಿಂದ ಅನಂತರಾಮು ಸಂಜೆಯಾದರೆ ಮಂಕಿ ಕ್ಯಾಪ್ ಹಾಕಿಕೊಂಡು ಪಂಪ್‌ಹೌಸಿನ ಗೋಡೆಗೆ ಒರಗಿ ಕಾದರು. ಹೊಂಡದ ಹತ್ತಿರ ಹೋಗುವಂತಿಲ್ಲ. ಹೆಜ್ಜೆ ಸಪ್ಪಳ ಕೇಳಿದರೆ ಕಪ್ಪೆ ಬಾಯಿ ಮುಚ್ಚುತ್ತದೆ. ಮೊದಲು ಅದು ಕೂಗಬೇಕು, ಜಾಗಕ್ಕೆ ಒಗ್ಗಬೇಕು, ಆಮೇಲೆ ಇವರು ತೆವಳಬೇಕು. ಆದರೆ ಕೂಗೇ ಇಲ್ಲ.

ನೋಟ್ಸ್ ಕೊಡಲು ಬಂದ ಮುದಸ್ಸಿರನಿಗೆ ವಿಭಾ ಕಿಟಕಿಯಿಂದ ಆ ನೋಟ ತೋರಿಸಿದಳು. "ನೋಡು ಮಗಾ, ಹೆಣ್ಣು ನೋಡೋಕ್ ಬಂದೋರ್ ಥರ ಕೂತಿದಾರೆ."

"ಮತ್ತೆ ಹುಡುಗಿ ಒಂದು ಹಾಡು ಹೇಳ್ಬೇಕಲ್ವಾ?"

ಗೋಂಕರು ಕಪ್ಪೆಯ ಕೂಗಿನ ಹಳೆಯ ರೆಕಾರ್ಡಿಂಗನ್ನು ವಿಭಾಳ ಫೋನಿನಲ್ಲಿ ಕೇಳಿಕೊಂಡ ಮುದಸ್ಸಿರ್, ಹಿಂದಿನ ದಾರಿಯಿಂದ ಹೋಗಿ ಹೊಂಡದ ಅಂಚಿನ ಪೊದೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೆನ್ನೆ ಊದಿಸಿದ.

"ವ್ರೊಂಕ್! ವ್ರೊಂಕ್!"

ಸ್ವಲ್ಪ ಹೊತ್ತಿಗೆ ಅನಂತರಾಮು ಮನೆಗೆ ಓಡಿಬಂದರು. "ಪುಟ್ಟೀ, ಇದೆ ಕಣೇ! ಬದುಕಿದೆ! ಇವತ್ತು ಹತ್ರ ಹೋಗ್ಲಿಲ್ಲ, ಹೆದರ್ಕೊಳ್ಳುತ್ತೆ ಪಾಪ." ಅವರ ಕಣ್ಣು ಒದ್ದೆಯಾಗಿತ್ತು. ನಗಲು ಬಾಯಿ ತೆರೆದಿದ್ದ ವಿಭಾ ಅದಕ್ಕೆ ಚಕ್ಕುಲಿ ತುರುಕಿಕೊಂಡಳು.

ಗೇಟಿನ ಬಳಿ ಮುದಸ್ಸಿರನನ್ನು ಹಿಡಿದು ಹೇಳಿದಳು, "ನಾಳೆನೂ ಬಾ ಗುರು. ಕೂಗು ನಿಂತ್ರೆ ಅಪ್ಪ ಊಟ ಬಿಡ್ತಾರೆ."

"ನಾನೇನು ಪರ್ಮನೆಂಟ್ ಕಪ್ಪೇನಾ?"

"ಕಾಂಟ್ರ್ಯಾಕ್ಟ್. ಪಿ.ಎಫ್. ಇಲ್ಲ, ಚಕ್ಕುಲಿ ಇದೆ."

ಹೀಗೆ ಕಾಂಟ್ರ್ಯಾಕ್ಟ್ ಕಪ್ಪೆ ಸಂಜೆಯ ಪಾಳಿಗೆ ತಪ್ಪದೆ ಹಾಜರಾಯಿತು. ಅನಂತರಾಮು ಒಂದು ಗಜ ತೆವಳಿದರೆ ಅದು ಎರಡು ಗಜ ಹಿಂದೆ ಸರಿಯಿತು. ಶನಿವಾರ ಜಡಿಮಳೆ ಹೊಡೆದು ಹೊಂಡ ತುಂಬಿತು. ಭಾನುವಾರವಾದರೂ ಫೋಟೊ ಇಲ್ಲ. ಬೇರೆ ದಾರಿ ಕಾಣದೆ ಅನಂತರಾಮು ಕೋಕಿಲಾ ಅವರ ಮನೆ ಬಾಗಿಲಿಗೇ ಹೋದರು. "ಕಣ್ಣಿಗೆ ತೋರ್ಸೋಕಾಗ್ಲಿಲ್ಲ ಮೇಡಂ. ಕಿವಿಯಾರೆ ಕೇಳ್ಬನ್ನಿ."

ವಿಭಾ ಮುದಸ್ಸಿರನಿಗೆ ಫೋನ್ ಮೇಲೆ ಫೋನ್ ಮಾಡಿದಳು. ಪೊದೆಯಲ್ಲಿ ರಿಂಗಾಗಬಾರದೆಂದು ಅವನು ಅದನ್ನು ಆಫ್ ಮಾಡಿದ್ದ. ಕೊನೆಗೆ ಅವಳೂ ಅಪ್ಪ, ಕೋಕಿಲಾ ಅವರ ಹಿಂದೆಯೇ ಹೊಂಡಕ್ಕೆ ಓಡಿದಳು.

ಅಂದು ಅವನ ಕೂಗಿಗೆ ಆಚೆ ದಡದಿಂದ ಮರುಕೂಗು ಬರುತ್ತಿತ್ತು. ಒಂದಲ್ಲ, ನಾಲ್ಕಾರು. 'ಪರವಾಗಿಲ್ಲ, ವಿಭಾ ಕಾಲೊನಿ ಮಕ್ಕಳಿಗೆಲ್ಲ ಕಲಿಸಿಬಿಟ್ಟಿದ್ದಾಳೆ' ಅಂದುಕೊಂಡ. ಅಷ್ಟರಲ್ಲಿ ಕೋಕಿಲಾ ಅವರ ಚಪ್ಪಲಿ ಪಟಪಟ ಸದ್ದು ಮಾಡುತ್ತ ಬಂತು. ಆಚೆಯ ಕೂಗುಗಳೆಲ್ಲ ಗಪ್ಪೆಂದು ನಿಂತವು. ಮುದಸ್ಸಿರನಿಗೆ ಕೇಳಿಸಿದ್ದು ಒಂದೇ: ಪ್ರೇಕ್ಷಕರು ಬಂದರು! ದನಿ ಏರಿತು. ಕೊನೆಗೊಂದು ಗಮಕವನ್ನೂ ಸೇರಿಸಿದ.

"ಬೇರೆಲ್ಲ ಹೆದರ್ಕೊಂಡ್ವು, ಇದೊಂದಕ್ಕೆ ಮಾತ್ರ ಮೈಕ್ ಕೊಟ್ಟ ಹಾಗಿದೆಯಲ್ಲ ಸಾರ್?" ಎಂದ ಕೋಕಿಲಾ ಪೊದೆಯತ್ತ ಟಾರ್ಚ್ ಬೆಳಕು ಬಿಟ್ಟರು.

ಬೆಳಕಿನಲ್ಲಿ ಕೆನ್ನೆ ಊದಿಸಿಕೊಂಡ ಮುದಸ್ಸಿರ್. ಗಾಬರಿಯಲ್ಲಿ ಅವನ ಬಾಯಿಂದ ಬಂದದ್ದು ಮೆಟ್ರೋ ಹೆಂಗಸು: "ದಯವಿಟ್ಟು ಬಾಗಿಲುಗಳಿಂದ ದೂರ ನಿಲ್ಲಿ."

ಯಾರೂ ನಗಲಿಲ್ಲ. ಅನಂತರಾಮು ಮಂಕಿ ಕ್ಯಾಪ್ ತೆಗೆದು, ನಿಧಾನವಾಗಿ ಮಡಚಿ ಜೇಬಿಗಿಟ್ಟರು. ಅದನ್ನು ನೋಡಿದ ಮುದಸ್ಸಿರನ ಗಂಟಲಿನಿಂದ ಬಾಡಿಗೆದಾರರೆಲ್ಲ ಒಮ್ಮೆಗೇ ಖಾಲಿ ಮಾಡಿದರು.

"ಅಂಕಲ್... ಸುಮ್ನೆ ತಮಾಷೆಗೆ ಶುರು ಮಾಡಿದ್ದು..." ಉಳಿದದ್ದು ಅವನದೇ ಸಣ್ಣ ದನಿ.

"ಲಾರಿಗೆ ಹೇಳ್ಬಿಡ್ತೀನಿ ಸಾರ್," ಎಂದರು ಕೋಕಿಲಾ. ದನಿಯಲ್ಲಿ ಗೆದ್ದ ಖುಷಿಯೂ ಇರಲಿಲ್ಲ. ಎಲ್ಲರೂ ಕಂಬಗಳಂತೆ ನಿಂತರು. ಹೊಂಡದಲ್ಲಿ ನೀರೂ ಮಿಸುಕಲಿಲ್ಲ.

"ವ್ರೊಂಕ್."

ಮುದಸ್ಸಿರ್ ಎರಡೂ ಕೈ ಮೇಲೆತ್ತಿದ. "ಅಮ್ಮನಾಣೆ ನಾನಲ್ಲ!"

"ಉಷ್!" ಅನಂತರಾಮು ಆಗಲೇ ಕೆಸರಿನಲ್ಲಿ ಬೋರಲು ಬಿದ್ದಿದ್ದರು. ಮುದಸ್ಸಿರನ ಮೊಣಕಾಲಿನ ಪಕ್ಕ, ನೀರಿನಂಚಿನಲ್ಲಿ, ಅರಿಸಿನದ ಮುದ್ದೆಯಂತೆ ಕೂತಿತ್ತು ಅದು. "ಯಾರೂ ಅಲ್ಲಾಡ್ಬೇಡಿ. ಇಷ್ಟು ದಿನ ನಿನ್ನ ಕೂಗು ಕೇಳಿ, ಯಾವನೋ ಇವನು ನನ್ನ ಜಾಗಕ್ಕೆ ಬಂದಿರೋನು ಅಂತ ಜಗಳಕ್ಕೆ ಬಂದಿದೆ ಕಣೋ. ಕೂಗು!"

"ಎಲ್ರ ಮುಂದೇನಾ ಅಂಕಲ್?"

"ಈಗ ನಾಚ್ಕೆ ಬಂತಾ? ಕೂಗೋ ಮಹರಾಯ!"

ಮುದಸ್ಸಿರ್ ಕೂಗಿದ. ಕಪ್ಪೆ ತಿರುಗಿ ನೋಡಿ, ಇನ್ನೂ ಜೋರಾಗಿ ಉತ್ತರ ಕೊಟ್ಟಿತು. ನೀಲಿ ಬುಗ್ಗೆಗಳು ಉಬ್ಬಿದವು.

"ಟಾರ್ಚ್ ಸ್ವಲ್ಪ ಎಡಕ್ಕೆ ಹಿಡೀಲಾ ಸಾರ್?" ಎಂದು ಪಿಸುಗುಟ್ಟಿದವರು ಕೋಕಿಲಾ.

ಕ್ಲಿಕ್.

ಎಲ್ಲರೂ ಕ್ಯಾಮೆರಾದ ಪರದೆಯ ಮೇಲೆ ಬಾಗಿದರು. ಮುಂದೆ ಕಪ್ಪೆ, ಕಣ್ಣಿನ ರೆಪ್ಪೆಯವರೆಗೂ ಸ್ಪಷ್ಟ, ಎರಡೂ ಬುಗ್ಗೆ ತುಂಬಿ. ಅದರ ಹಿಂದೆ ಅದೇ ಭಂಗಿಯಲ್ಲಿ, ಎರಡೂ ಕೆನ್ನೆ ಊದಿಸಿಕೊಂಡ, ಪೂರ್ತಿ ಮಸುಕಾದ ದುಂಡನೆಯ ಮುದಸ್ಸಿರ್.

"ಹೊಂಡ ನಿಮ್ದು ಸಾರ್," ಎಂದರು ಕೋಕಿಲಾ, ತುಟಿ ಕಚ್ಚಿ ನಗು ತಡೆಯುತ್ತ. ವಿಭಾ ತಡೆಯಲಿಲ್ಲ. ಮುದಸ್ಸಿರನೂ ಅಳುಕುತ್ತಲೇ ಹಲ್ಲು ಕಿರಿದ.

ಗಲ್ಲದಿಂದ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡಿದ್ದ ಅನಂತರಾಮು ಪರದೆಯನ್ನು ಇನ್ನೊಮ್ಮೆ ನೋಡಿದರು. "ಈ ಸಲ ಜಾಮೂನು ಹಿಂದ್ಗಡೆ ಬಂದಿದೆ!" ಎಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕ ನಗೆಗೆ, ಆಗತಾನೆ ಮತ್ತೆ ಕೂಗಲು ಶುರುವಿಟ್ಟಿದ್ದ ಹೊಂಡದ ಕಪ್ಪೆಗಳೆಲ್ಲ ಬಾಯಿ ಮುಚ್ಚಿಕೊಂಡವು.