ಹುಲಿಯ ಬಲಗೈ

ಹೊರಗಿನ ಚಿತ್ರ ಪುಸ್ತಕ ಮಾರುವುದಕ್ಕೆ, ಒಳಗಿನವು ಜಾಗ ತುಂಬುವುದಕ್ಕೆ. ವಿಶಾಖಾ ಪುಣೆಯಿಂದ ನಮೂನೆಗೆಂದು ಕಳಿಸಿದ ಪುಸ್ತಕಗಳನ್ನು ತಿರುವಿಹಾಕುತ್ತಿದ್ದಂತೆ ಜೀನತಳಿಗೆ ಈ ಸತ್ಯ ಹೊಳೆಯಿತು.

ಅವು ಆಟದ ಪುಸ್ತಕಗಳು. ನಾಲ್ಕಾರು ಮಂದಿ ಮೇಜಿನ ಸುತ್ತ ಕೂತು, ಒಬ್ಬ ಮಾಂತ್ರಿಕ, ಒಬ್ಬಳು ಯೋಧೆ, ಒಬ್ಬ ಕಳ್ಳ ಎಂದು ಪಾತ್ರ ಹಂಚಿಕೊಂಡು, ದಾಳ ಉರುಳಿಸುತ್ತ, ಬಾಯಿಮಾತಿನಲ್ಲೇ ರಾಕ್ಷಸರ ಕೋಟೆಗೆ ಮುತ್ತಿಗೆ ಹಾಕುತ್ತಾರೆ. ಕೋಟೆಯ ಬಾಗಿಲು ಎಲ್ಲಿದೆ, ರಾಕ್ಷಸನಿಗೆ ಎಷ್ಟು ಕಸುವಿದೆ ಎಂಬುದೆಲ್ಲ ಪುಸ್ತಕದಲ್ಲಿರುತ್ತದೆ. ಮುಖಪುಟದ ಮೇಲೆ ಬೆಂಕಿಯುಗುಳುವ ಬಣ್ಣದ ಸರ್ಪ. ಒಳಗೆ ಹೋದರೆ, ಹೊಟ್ಟೆಯೊಂದನ್ನು ಬಿಟ್ಟು ಮೈಗೆಲ್ಲ ಕಬ್ಬಿಣ ತೊಟ್ಟ ಯೋಧೆಯರು. ಯಾರಿಗೂ ಪಾದವಿಲ್ಲ, ಮೊಣಕಾಲಿನವರೆಗೆ ಮಂಜು. ಕೈಗಳೆಲ್ಲ ನಿಲುವಂಗಿಯೊಳಗೆ.

"ಇಷ್ಟೂ ಮಂದಿಗೆ ಥಂಡಿ ಹತ್ತೇತೇನ ಬೇ?" ಎಂದು ಜೀನತ ಫೋನಿನಲ್ಲಿ ಕೇಳಿದಳು. "ಒಬ್ರೂ ಕೈ ಹೊರಗ ತಗದಿಲ್ಲ."

"ಕೈ ಬರಿಯಾಕ ಬರಾಂಗಿಲ್ಲ ಅವ್ರಿಗೆ. ಅದಕ್ಕ ನಿನಗ ಕೇಳಾಕತ್ತೇನಿ," ಎಂದಳು ವಿಶಾಖಾ.

ಇಬ್ಬರೂ ಟಿಕೋಟಾದ ಶಾಲೆಯಲ್ಲಿ ಒಂದೇ ಬೆಂಚಿನವರು. ವಿಶಾಖಾ ಈಗ ಇಂಥ ಪುಸ್ತಕ ತರುವ ಕಂಪನಿಯಲ್ಲಿ ಚಿತ್ರಗಳ ಉಸ್ತುವಾರಿ ನೋಡುತ್ತಿದ್ದಳು. ನಮ್ಮ ಕಡೆಯ ಕೋಟೆ, ನಮ್ಮ ಕಡೆಯ ರಾಕ್ಷಸರದೇ ಒಂದು ಹೊಸ ಆಟ ಬರಲಿತ್ತು. "ಒಳಗಿನ ಚಿತ್ರ ಎಲ್ಲಾ ನಿನ್ನವ. ಮೊದಲ್ನೇ ಪುಟದಾಗ ನಿನ್ನ ಹೆಸರ ಹಾಕಸ್ತೇನಿ," ಎಂದಳು.

ಜೀನತ ಸೋತದ್ದು ಆ ಹೆಸರಿನ ಮಾತಿಗೆ. ಗೋಳಗುಮ್ಮಟದ ಹತ್ತಿರದ ಫ್ಲೆಕ್ಸ್ ಅಂಗಡಿಯಲ್ಲಿ ಅವಳ ಕೆಲಸ. ಪುಢಾರಿಗಳ ಹುಟ್ಟುಹಬ್ಬಕ್ಕೆ ಅವರ ಮುಖದ ಸುಕ್ಕು ತೆಗೆದು, ಬಣ್ಣ ತಿಳಿಗೊಳಿಸಿ, ಸುತ್ತ ಮರಿಪುಢಾರಿಗಳ ತಲೆ ಜೋಡಿಸಬೇಕು. ಫ್ಲೆಕ್ಸಿನ ಮೇಲೆ ಇಡೀ ಓಣಿಯ ಹೆಸರಿರುತ್ತದೆ, ಮಾಡಿದವಳದ್ದೊಂದು ಬಿಟ್ಟು. ಅವಳಪ್ಪ ಮಲ್ಲಿಕಸಾಬ ಟಿಕೋಟಾದಲ್ಲಿ ಬೋರ್ಡ್ ಬರೆಯುತ್ತಿದ್ದವನು. ಅವನು ತೀರಿಹೋಗಿ ವರ್ಷಗಳಾದವು. ಅವನು ಬರೆದ ಬೋರ್ಡುಗಳಲ್ಲಿ ಅಂಗಡಿಯ ಹೆಸರು ಮಾಸಿಹೋಗಿದ್ದರೂ ಮೂಲೆಯ 'ಮಲ್ಲಿಕ ಆರ್ಟ್ಸ್' ಮಾತ್ರ ಇನ್ನೂ ಓದಲು ಬರುತ್ತದೆ. ಅದಕ್ಕೆ ಅವನು ಒಳ್ಳೆಯ ಬಣ್ಣ ಬಳಸುತ್ತಿದ್ದ ಎಂದು ಊರವರ ಗುಮಾನಿ.

ಅಪ್ಪ ಕಲಿಸಿದ್ದು ಒಂದೇ ಪಾಠ. "ಮನಸಿನ್ಯಾಗಿನ ಕೈ ಎಲ್ಲಾ ಒಂದ ನಮೂನಿ ಇರ್ತಾವ. ಎದುರಿಗೆ ಮನಷ್ಯಾನ್ನ ಕುಂದ್ರಿಸಿ ಬರಿ." ಹೀಗಾಗಿ ಕೋಟೆಯ ಬಾಗಿಲು ಕಾಯುವ ಹುಲಿರಾಕ್ಷಸನ ಸರದಿ ಬಂದಾಗ ಅವಳು ಬಬಲೇಶ್ವರದ ಬಸ್ಸು ಹತ್ತಿದಳು.

ಅಲ್ಲಿ ಸಂತೆಯಲ್ಲಿ ಹಗ್ಗ, ಮೂಗುದಾರ ಮಾರುವ ನಿಡೋಣಿಯ ದಶರಥ ಮೊಹರಂ ಬಂದರೆ ಹುಲಿಯಾಗುತ್ತಿದ್ದ. ಅದು ಅವನ ಮನೆತನದ ಹರಕೆ. ಅವನ ಮೈಗೆ ಪಟ್ಟೆ ಬರೆಯುತ್ತಿದ್ದವನು ಮಲ್ಲಿಕಸಾಬ. ಹಳದಿ ಬಣ್ಣದ ಬೋಗುಣಿ ಹಿಡಿದು ನಿಂತಿರುತ್ತಿದ್ದವಳು ಜೀನತ. ದಶರಥನ ಬಲಗೈಯ ಕಿರುಬೆರಳಿನ ಮಗ್ಗುಲಿಗೆ ಇನ್ನೊಂದು ಕಿರುಬೆರಳಿತ್ತು. ಹುಲಿ ಪಂಜ ಎತ್ತಿದಾಗ ಮಕ್ಕಳು ಮೊದಲು ಹೆದರುತ್ತಿದ್ದದ್ದು ಅದಕ್ಕೇ.

"ಇದನ್ನೂ ಬರೀತಿಯೇನ ಯವ್ವಾ?" ಎಂದು ದಶರಥ ಆ ಬೆರಳು ಅಲ್ಲಾಡಿಸಿ ಕೇಳಿದ.

"ಇದ್ದದ್ದು ಇದ್ದಂಗ ಬರೀಬೇಕಂತ ಅಬ್ಬಾ ಹೇಳ್ಯಾರ್ರಿ ಕಾಕಾ."

"ಬರಿ ಹಂಗಾರ. ನಾ ಹುಟ್ಟಿದಾಗ ನಮ್ಮವ್ವ, ವಿಜಾಪುರಕ್ಕ ಒಯ್ದು ಕೊಯ್ಯಸೂನು ಅಂತ ಗಂಟಬಿದ್ದಿದ್ಳಂತ. ನಮ್ಮಪ್ಪ ಬಿಡಲಿಲ್ಲ. ಈಗ ನೋಡು, ಪುಣೆತನಕ ಹೊಂಟೈತಿ."

"ಮೀಸಿ ನೆಟ್ಟಗ ಬರಿ, ಜೀನತ," ಎಂದಳು ಪಕ್ಕದಲ್ಲಿ ಮೆಣಸಿನಕಾಯಿ ಹರವಿಕೊಂಡು ಕೂತಿದ್ದ ದಾವಲಬಿ. "ಅವನ ಮೈಯಾಗ ಅದೊಂದ ನೆಟ್ಟಗೈತಿ."

ಚಿತ್ರ ಚೆನ್ನಾಗಿ ಬಂತು. ಉಬ್ಬಿದ ನರ, ಹಗ್ಗ ಎಳೆದು ಎಳೆದು ದಪ್ಪಗಾದ ಗೆಣ್ಣು, ಪಟ್ಟೆಯ ಕೆಳಗೆ ಮುದಿಹುಲಿಯ ದಣಿವು. ವಿಶಾಖಾ ಕುಣಿದಾಡಿದಳು. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಕಂಪನಿ ಆ ಒಂದು ಪುಟವನ್ನು ಆಟಗಾರರು ನೋಡಲೆಂದು ಇಂಟರ್ನೆಟ್ಟಿಗೆ ಹಾಕಿತು.

ಆಟಗಾರರು ನರ ನೋಡಲಿಲ್ಲ, ಗೆಣ್ಣು ನೋಡಲಿಲ್ಲ. ಬೆರಳು ಎಣಿಸಿದರು. ಹೇಳಿದ ಚಿತ್ರವನ್ನು ತಾವೇ ಬರೆದುಕೊಡುವ ಎಐ ಮಷೀನುಗಳು ಬೆರಳಿನ ಲೆಕ್ಕ ತಪ್ಪುತ್ತವೆಂಬುದು ಅಷ್ಟುಹೊತ್ತಿಗೆ ಎಲ್ಲರೂ ಬಲ್ಲ ಸಂಗತಿ. ಆರು ಬೆರಳು ಕಂಡದ್ದೇ ಕಳ್ಳ ಸಿಕ್ಕಷ್ಟು ಸಂಭ್ರಮ. ಮನುಷ್ಯರ ಅನ್ನ ಕಸಿಯುವ ಕಂಪನಿಗೆ ಧಿಕ್ಕಾರ ಎಂದರು. ಚಿತ್ರಗಾರರ ಪರವಾಗಿ ಈ ಪುಸ್ತಕ ಕೊಳ್ಳುವುದಿಲ್ಲ ಎಂದು ಆಣೆ ಹಾಕಿದರು. ಒಬ್ಬನಿಗಂತೂ ಮೀಸೆಯ ಮೇಲೂ ಅನುಮಾನ ಬಂತು.

ಜೀನತ ಮತ್ತೆ ಬಬಲೇಶ್ವರಕ್ಕೆ ಹೋದಳು. ದಶರಥನ ಕೈಯ ಪಕ್ಕ ಚಿತ್ರ ಹಿಡಿಸಿ, ಫೋಟೊ ತೆಗೆದು ಇಂಟರ್ನೆಟ್ಟಿಗೆ ಹಾಕಿಸಿದಳು. ಈ ಮುದುಕನನ್ನೂ ಮಷೀನೇ ಮಾಡಿದೆ ಎಂದು ಉತ್ತರ ಬಂತು.

"ಏನಂದ್ರು?" ಎಂದು ಕೇಳಿದ ದಶರಥ.

"ಚಲೋ ಐತಿ ಅಂದ್ರು, ಕಾಕಾ."

ಆಮೇಲೆ ವಿಶಾಖಾಳ ಫೋನು. "ಒಂದ ಬೆರಳ ಬೇ, ಅಳಿಸಿಬಿಡು. ಇಲ್ಲಂದ್ರ ನಮ್ಮ ಸಾಹೇಬ ನಿನ್ನ ಎಲ್ಲಾ ಚಿತ್ರ ತಗೀತಾನ. ಹೆಸರೂ ತಗೀತಾನ."

"ಅದು ಖರೇ ಕೈ ಐತಲಾ."

"ನನಗ ಗೊತ್ತಿಲ್ಲೇನ? ಆ ಹುಲಿ ಹಿಂದ ನಾನೂ ಓಡೇನಿ. ಆದ್ರ ಖರೇ ಇದ್ದದ್ದು ಖರೇ ಕಾಣಬೇಕಲಾ?"

"ನನ್ನವು ತಗದು ಆ ಜಾಗಾದಾಗ ಏನ್ ಹಾಕ್ತೀರಿ?"

"ಮಷೀನ್ ಬರದದ್ದು," ಎಂದಳು ವಿಶಾಖಾ. "ಈಗ ಅದು ಐದ ಬೆರಳ ಬರೋಬ್ಬರಿ ಬರೀತೈತಿ."

ಜೀನತ ಅಂಗಡಿಯಲ್ಲೇ ಆ ಕೆಲಸ ಮುಗಿಸಿದಳು. ಒಬ್ಬ ಪುಢಾರಿಯ ಕೆನ್ನೆಯ ನರಹುಲಿ ತೆಗೆದಿದ್ದಳು, ಅದೇ ಕುರ್ಚಿಯಲ್ಲಿ ಕೂತು ಅದೇ ಕೈಯಿಂದ ಬೆರಳನ್ನೂ ತೆಗೆದಳು. ತರಿಸಿದ್ದ ಚಹಾ ಇನ್ನೂ ಬಿಸಿ ಇತ್ತು.

ಪುಸ್ತಕ ಬಂತು. ಮೊದಲ ಪುಟದ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಅವಳ ಹೆಸರು. ಈ ಸಲ ಆಟಗಾರರು ಮೆಚ್ಚಿಕೊಂಡರು. ಕೈ ನೋಡಿ, ಮನುಷ್ಯರ ಕೆಲಸವೆಂದರೆ ಇದು ಎಂದು ಬರೆದರು.

ಕೊಡದೆ ಇರುವಂತಿರಲಿಲ್ಲ. ತನ್ನ ಕೈ ಪುಸ್ತಕದಲ್ಲಿ ಬರುತ್ತದೆಂದು ದಶರಥ ಸಂತೆಗೆಲ್ಲ ಹೇಳಿಕೊಂಡು ಕೂತಿದ್ದ. ಜೀನತ ಬಬಲೇಶ್ವರದ ಸಂತೆಗೆ ಹೋಗಿ ಪುಸ್ತಕ ಕೊಟ್ಟಳು. ಅವನು ಧೋತರಕ್ಕೆ ಕೈ ಒರೆಸಿಕೊಂಡು ಹುಲಿಯ ಪುಟ ತೆಗೆದ. ದಾವಲಬಿಯೂ ಬಗ್ಗಿ ನೋಡಿದಳು.

"ಮೀಸಿ ಅವಂದ ಐತಿ," ಎಂದಳು. "ಕೈ ಯಾರದ ಬೇ?"

ಜೀನತ ಹರವಿದ್ದ ಹಗ್ಗವೊಂದನ್ನು ಎತ್ತಿಕೊಂಡು ಸುತ್ತತೊಡಗಿದಳು.

ದಶರಥ ತನ್ನ ಬಲಗೈಯನ್ನು ಪುಟದ ಪಕ್ಕ ಊರಿದ. ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದ.

"ನಿನ್ನ ಹೆಸರ ಎಲ್ಲೈತಿ? ತೋರಸು."

ತೋರಿಸಿದಳು. ಕಣ್ಣು ಕಿರಿದು ಮಾಡಿ ನೋಡಿ, "ಐತಿ ಬಿಡು. ನಿಮ್ಮಪ್ಪ ಇದ್ರ ಖುಷಿ ಪಡತಿದ್ದ," ಎಂದ. ಪುಸ್ತಕ ಮುಚ್ಚಿ ಅವಳ ಕೈಗೇ ಮರಳಿ ಕೊಟ್ಟ.

"ನಮ್ಮವ್ವ ಎಷ್ಟ ಗೋಗರದ್ರೂ ಆಗದ ಕೆಲಸ ನೀ ಮಾಡಿದಿ ನೋಡ ಯವ್ವಾ. ರಗತಾ ಸೈತ ಬರಲಿಲ್ಲ."

ಅಷ್ಟರಲ್ಲಿ ಗಿರಾಕಿ ಬಂದ. ದಶರಥ ಹಗ್ಗ ಅಳೆಯಲು ಎದ್ದ.