ಜೊತೆಗಾರರ ತಪಾಸಣೆ

ದೋಣಿ ದಡ ಬಿಟ್ಟು, ಸುತ್ತ ನೀರಲ್ಲದೆ ಬೇರೇನೂ ಕಾಣದಂತಾದಾಗ ಗಂಡ ಎದ್ದು ನಿಂತು, ಮನೆಯ ಗ್ಯಾಸ್ ಸಿಲಿಂಡರ್ ಬಂದ್ ಮಾಡಿದೆನೋ ಇಲ್ಲವೋ ಎಂದ. ಹೆಂಡತಿ ತಲೆ ಎತ್ತಲಿಲ್ಲ. ಮಾಡಿದ್ದಾನೆ, ಚಪ್ಪಲಿ ಮೆಟ್ಟಿದ ಮೇಲೂ ಒಳಗೆ ಹೋಗಿ ಇನ್ನೊಮ್ಮೆ ತಿರುಗಿಸಿ ನೋಡಿದ್ದಾನೆ, ಟ್ಯಾಕ್ಸಿಯವನು ಹಾರ್ನ್ ಬಾರಿಸಿದ್ದು ಅದಕ್ಕೇ, ಎಂದು ಸಾಕ್ಷಿ ನುಡಿದಳು. ಅವನು ಕುಳಿತ. ವಿಮಾ ಕಂಪನಿಯಲ್ಲಿ ಬೆಂಕಿ ಅನಾಹುತಗಳ ತನಿಖೆ ಮಾಡುವವನಿಗೆ ಈ ಚಟ ಇರುವುದು ಸಹಜ. ಸುಟ್ಟ ಅಡುಗೆಮನೆಗಳಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತು, ಇದು ಆಕಸ್ಮಿಕವೋ, ಬೇಕೆಂದೇ ಹಚ್ಚಿದ್ದೋ ಎಂದು ಹೇಳುವುದು ಅವನ ಕೆಲಸ. ಹೇಳುತ್ತಲೇ ಬಂದಿದ್ದ. ತಪ್ಪಿದ್ದು ಕಡಿಮೆ.

ಅವನು ಕುಳಿತ ಮೇಲೆ ಅವಳು, "ಆ ಟ್ರಾನ್ಸ್‌ಫರ್ ಒಪ್ಕೊಂಡುಬಿಟ್ಟೆ," ಎಂದಳು.

ಅವಳು ಬ್ಯಾಂಕಿನಲ್ಲಿ ಮ್ಯಾನೇಜರ್. ಹಿಂದೆಯೂ ಹೀಗೆ ಬೇರೆ ಊರಿಗೆ ಬಡ್ತಿ ಬಂದಿತ್ತು. ಬಂದಾಗಲೆಲ್ಲ ಸಂಸಾರದ ಕಾರಣ ಕೊಟ್ಟು ವಾಪಸ್ ಕಳಿಸಿದ್ದಳು. ಈ ಸಲದ ಊರು ಒಂದು ರಾತ್ರಿಯ ರೈಲಿನಷ್ಟು ದೂರ. ಅವನು, ತನಗೂ ನಿವೃತ್ತಿ ಹತ್ತಿರ, ಅಲ್ಲೇ ಒಂದು ಬಾಡಿಗೆ ಮನೆ ನೋಡಿದರಾಯಿತು ಎಂದ.

"ನೀವು ಬರೋದು ಬೇಡ ರೀ. ನಾನೊಬ್ಳೇ ಇರ್ತೀನಿ."

ಎಷ್ಟು ದಿನ, ಯಾಕೆ, ತಾನೇನು ಮಾಡಿದೆ, ಎಂದು ಅವನು ಕ್ರಮವಾಗಿ ಕೇಳಿದ. ನೀವೇನೂ ಮಾಡಿಲ್ಲ ಎಂದಳು. ಅದರಿಂದ ವಿಷಯ ಇನ್ನಷ್ಟು ಗೋಜಲಾಯಿತು. ಜಗಳವಾಡಿ ಹೊರಟಿದ್ದರೆ ಅವನಿಗೆ ಅರ್ಥವಾಗುತ್ತಿತ್ತು. ಕಾರಣವಿಲ್ಲದೆ ಹತ್ತಿಕೊಂಡ ಬೆಂಕಿಯನ್ನು ಅವನು ನೋಡಿರಲಿಲ್ಲ.

ಅಪ್ಪ ಅಮ್ಮನ ಮದುವೆಯ ಬೆಳ್ಳಿಹಬ್ಬಕ್ಕೆ ಈ ದ್ವೀಪವನ್ನು ಹುಡುಕಿ ಬುಕ್ ಮಾಡಿದ್ದು ಮಗಳು. ಸಮುದ್ರದ ತಳಕ್ಕೆ ಇಳಿಸಿ ಮೀನು ತೋರಿಸುವ ರೆಸಾರ್ಟ್. ಮೇಲೆ ನೋಡುವುದಕ್ಕೆ ಏನೂ ಇಲ್ಲ. ಕೋಣೆಯಲ್ಲಿ ಟವೆಲುಗಳನ್ನು ಮಡಚಿ ಎರಡು ಹಂಸ ಮಾಡಿ, ಕೊಕ್ಕಿಗೆ ಕೊಕ್ಕು ತಾಗಿಸಿ ಹಾಸಿಗೆಯ ಮೇಲೆ ಕೂರಿಸಿದ್ದರು. ಗಂಡ ಹೆಂಡತಿ ಅವುಗಳ ಆಚೆ ಒಬ್ಬರು ಈಚೆ ಒಬ್ಬರು ನಿಂತು ಬಟ್ಟೆ ತೆಗೆದಿಟ್ಟರು. ಹುಲ್ಲಿನ ಚಾವಣಿ ನೋಡಿ ಅವನು, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಎಂದು ವಿಚಾರಿಸಿಕೊಂಡು ಬಂದ.

ಡೈವಿಂಗ್ ಕಲಿಸುವವಳನ್ನು ಎಲ್ಲರೂ ಟೀಚರ್ ಎನ್ನುತ್ತಿದ್ದರು. ಬಿಸಿಲಿಗೆ ಮೂಗಿನ ಚರ್ಮ ಸುಲಿದಿತ್ತು. ಕೂಗಿ ಕೂಗಿ ದನಿ ಒಡೆದಿತ್ತು. ಈಜುಕೊಳದ ಪಾಠದಲ್ಲಿ ಬ್ಯಾಂಕ್ ಮ್ಯಾನೇಜರ್ ಮೊದಲ ದಿನವೇ ತಳಕ್ಕೆ ಹೋಗಿ ಕುಳಿತು, ಮೇಲೆ ಬರಲು ಮನಸ್ಸಿಲ್ಲದವಳ ಹಾಗೆ ಕುಳಿತೇ ಇದ್ದಳು. ತನಿಖೆಗಾರ ಸಾಕಷ್ಟು ನೀರು ಕುಡಿದು ಪಾಸಾದ. ಟೀಚರ್ ಒಂದು ಪದ್ಧತಿಯಲ್ಲಿ ಮಾತ್ರ ರಾಜಿಯಾಗುತ್ತಿರಲಿಲ್ಲ. ತಾನು ಎಷ್ಟೇ ನೋಡಿದ್ದರೂ ಹಾರುವ ಮೊದಲು ಜೊತೆಗಾರರು ಒಬ್ಬರದನ್ನೊಬ್ಬರು ಮುಟ್ಟಿ ನೋಡಬೇಕು: ಪಟ್ಟಿ, ಜಾಕೆಟ್ಟು, ಬಾಯಲ್ಲಿ ಕಚ್ಚುವ ನಳಿಕೆ, ಬೆನ್ನ ಮೇಲಿನ ಗಾಳಿ ಸಿಲಿಂಡರಿನ ನಾಬು. "ನಂದು ನಾನೇ ನೋಡ್ಕೊಂಡೆ ಅನ್ನೋದು ಇಲ್ಲಿ ನಡೆಯಲ್ಲ. ಇವರ ಉಸಿರು ಅವರ ಕೈಲಿ, ಅವರದು ಇವರ ಕೈಲಿ." ಇಷ್ಟು ವರ್ಷ ಅವನ ಅಂಗಿಯ ಗುಂಡಿಯಿಂದ ಹಿಡಿದು ರಕ್ತದೊತ್ತಡದ ಮಾತ್ರೆಯವರೆಗೆ ಅವಳೇ ನೋಡಿದ್ದಳು. ಅವಳದನ್ನು ನೋಡು ಎಂದು ಯಾರಾದರೂ ಅವನಿಗೆ ಹೇಳಿದ್ದು ಇದೇ ಮೊದಲು. ಅವನು ಗಂಭೀರವಾಗಿ ಕಲಿತ.

ಮರುದಿನ ಬೆಳಿಗ್ಗೆ ಸಮುದ್ರದಲ್ಲಿ ದೋಣಿ ನಿಲ್ಲಿಸಿ ಟೀಚರ್ ಎಲ್ಲರ ಸಿಲಿಂಡರನ್ನೂ ತೆರೆದು ನೋಡಿ ಮೊದಲು ನೀರಿಗಿಳಿದಳು. ಅವನು ಹೆಂಡತಿಯ ಬೆನ್ನ ಹಿಂದೆ ನಿಂತು ಪಟ್ಟಿ ಎಳೆದ, ನಾಬು ಮುಟ್ಟಿದ, "ಎಲ್ಲ ಸರಿ" ಎಂದ. ಅವಳು ಹಾರಿದಳು. ಇಬ್ಬರು ಹೆಂಗಸರ ತಲೆಗಳೂ ನೀರಿನಡಿಗೆ ಹೋದವು. ಅವನು ತನ್ನ ಸರದಿಗೆ ಕಾಲು ಮುಂದಿಡುವಷ್ಟರಲ್ಲಿ ತಲೆಗಳು ಮೇಲೆ ಬಂದವು. ಹೆಂಡತಿಯ ಬಾಯಲ್ಲಿ ಟೀಚರ್ ಆಪತ್ತಿಗೆಂದು ಇಟ್ಟುಕೊಂಡಿದ್ದ ಎರಡನೆಯ ನಳಿಕೆ ಇತ್ತು. ಕಣ್ಣು ಎಂದೂ ಅಷ್ಟು ದೊಡ್ಡದಿರಲಿಲ್ಲ. ಟೀಚರ್ ಅವಳ ಬೆನ್ನಿಗೆ ಕೈ ಹಾಕಿ ನಾಬು ತಿರುಗಿಸಿ, "ಮುಚ್ಚಿತ್ತು," ಎಂದಳು. ನಳಿಕೆಯಲ್ಲಿ ಉಳಿದಿದ್ದ ಗಾಳಿ ಒಂದೆರಡು ಉಸಿರಿಗೆ ಬಂದು ಮುಗಿದಿತ್ತು.

ದೋಣಿಯವನು ತಾನು ಮುಟ್ಟಿಯೇ ಇಲ್ಲ ಎಂದ. ಟೀಚರ್ ಗದರಲಿಲ್ಲ, ಹೊಸಬರು ತೆರೆಯಲು ಹೋಗಿ ಮುಚ್ಚುವುದುಂಟು ಎಂದಳು. "ಯಾವ ಕಡೆಗೆ ತಿರುಗಿಸಿದ್ರಿ ಸರ್?"

ಅವನು ಗಾಳಿಯಲ್ಲಿ ಕೈ ಎತ್ತಿ ಇಲ್ಲದ ನಾಬೊಂದನ್ನು ಹಿಡಿದು ಬಲಕ್ಕೆ ತಿರುಗಿಸಿದ. ಹೌದೆನ್ನಿಸಿತು. ಎಡಕ್ಕೆ ತಿರುಗಿಸಿದ. ಅದೂ ಹೌದೆನ್ನಿಸಿತು. ಮತ್ತೆ ಬಲಕ್ಕೆ. ದೋಣಿಯವನು ಮುಖ ತಿರುಗಿಸಿ ಹಗ್ಗ ಸುತ್ತತೊಡಗಿದ.

ಕೋಣೆಗೆ ಬಂದ ಮೇಲೆ ಅವಳು, ರಾತ್ರಿ ಮೇಜಿಗೆ ಎತ್ತಿಟ್ಟಿದ್ದ ಒಂದು ಹಂಸವನ್ನು ಬಿಚ್ಚಿ ತಲೆ ಒರೆಸಿಕೊಂಡಳು. "ಅಭ್ಯಾಸ ರೀ ಅದು. ಮನೆ ಬಿಡೋವಾಗ ಬಂದ್ ಮಾಡ್ತೀರಲ್ಲ, ಹಾಗೇ ಮಾಡಿದ್ದೀರಿ."

ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಕೆಲಸದಲ್ಲಿ ಅಭ್ಯಾಸ ಎಂದು ಹೇಳಿದವರನ್ನೆಲ್ಲ ಅವನು ಇನ್ನೊಂದು ಪ್ರಶ್ನೆ ಕೇಳಿಯೇ ಬಿಟ್ಟವನು. "ಹಾಗೇ ಅಂತ ನಿಂಗೆ ಹೇಗೆ ಗೊತ್ತು?"

"ಮತ್ತೆ ಹೇಗೆ?"

"ನಂಗೊತ್ತಿಲ್ಲ ಕಣೆ. ದೋಣೀಲಿ ನೀನು ಆ ಮಾತು ಹೇಳಿದಾಗಿಂದ ನನ್ನ ತಲೇಲಿ ಏನೇನು ಓಡ್ತಿತ್ತು ಅನ್ನೋದೇ ನೆನಪಿಲ್ಲ."

ಟವೆಲು ನಿಂತಿತು. ಅವಳು ಅವನತ್ತ ತಿರುಗಿದಳು. ಹೊರಗೆ ಯಾರೋ ಒದ್ದೆ ಕಾಲಲ್ಲಿ ಹಲಗೆಯ ಮೇಲೆ ನಡೆದುಹೋದರು.

"ಅಭ್ಯಾಸ ಅಂತ ಹೇಳಿ. ನಂಬ್ತೀನಿ."

"ಅಭ್ಯಾಸ," ಎಂದ. ಬಾಯಿಂದ ಹೊರಬಿದ್ದದ್ದೇ ಅದು ಯಾರೋ ಪಾಲಿಸಿದಾರ ಹೇಳಿದ ಹಾಗೆ ಕೇಳಿಸಿತು. ತನಿಖೆಯಲ್ಲಿ ಕೇಳಿದ್ದರೆ ಅವನು ಒಪ್ಪುತ್ತಿರಲಿಲ್ಲ.

ಅವಳು ಹಾಸಿಗೆಯ ಅಂಚಿಗೆ ಕುಳಿತಳು. "ಕೆಳಗೆ ಗಾಳಿ ನಿಂತಾಗ ನಂಗೆ ಏನನ್ನಿಸ್ತು ಗೊತ್ತಾ? ಇವರು ಮಧ್ಯಾಹ್ನದ ಮಾತ್ರೆ ಯಾರು ಕೊಟ್ರೆ ತಗೋತಾರೆ ಅಂತ. ನನ್ನ ಉಸಿರೇ ಇಲ್ಲ, ಆಗ ನಿಮ್ಮ ಮಾತ್ರೆ. ಮೇಲೆ ಬಂದಾಗ ಮೈಯೆಲ್ಲ ಉರೀತಿತ್ತು. ನಿಮ್ಮ ಮೇಲಲ್ಲ."

ಅವನು ಎದ್ದು ಚೀಲ ತೆರೆದ. ಮಾತ್ರೆ ತಾನೇ ಹುಡುಕಿ ತೆಗೆದುಕೊಂಡ. ಸರಿಯಾದದ್ದೇ ಎಂದು ಅವಳು ಒಂದು ಕಣ್ಣಲ್ಲಿ ನೋಡಿದಳು, ನೋಡಿದ್ದಕ್ಕೆ ತನ್ನನ್ನೇ ಬೈದುಕೊಂಡವಳಂತೆ ಗೋಡೆಗೆ ತಿರುಗಿದಳು. ನಾಳೆ ಮತ್ತೆ ಇಳಿಯುವುದಾಗಿಯೂ, ಟೀಚರನ್ನೇ ಜೊತೆಗೆ ಬರಲು ಕೇಳಿಕೊಂಡಿರುವುದಾಗಿಯೂ ಗೋಡೆಗೆ ಹೇಳಿದಳು. ಅವನು ದೋಣಿಯವರೆಗೆ ಬರಲೇ ಎಂದ. ನಿಮ್ಮಿಷ್ಟ ಎಂದಳು.

ಬೆಳಿಗ್ಗೆ ಅವನು ದೋಣಿಯಲ್ಲಿ ಎರಡೂ ಕೈ ತೊಡೆಯಡಿ ಇಟ್ಟುಕೊಂಡು ಕುಳಿತಿದ್ದ. ಟೀಚರ್ ಹೆಂಡತಿಯ ಬೆನ್ನ ಹಿಂದೆ ನಿಂತು ಪಟ್ಟಿ, ಜಾಕೆಟ್ಟು, ನಾಬು ಮುಟ್ಟಿದಳು. ಹೆಂಡತಿ ಅಂಚಿಗೆ ಹೋಗಿ ತಿರುಗಿ, "ಬಗ್ಗಿ ನೋಡೋವಾಗ ಕನ್ನಡಕ ಬೀಳುತ್ತೆ, ತೆಗೆದಿಡಿ," ಎಂದಳು. ಅವನು ತೆಗೆದ. ಅವಳು ನಳಿಕೆ ಕಚ್ಚಿಕೊಂಡು ಹಾರಿದಳು, ಹಿಂದೆಯೇ ಟೀಚರ್.

ನೀರು ಮುಚ್ಚಿಕೊಂಡಿತು. ಅವನು ಸ್ವಲ್ಪ ಹೊತ್ತು ಮಸುಕಾದ ನೀಲಿಯನ್ನು ನೋಡಿ, ಕನ್ನಡಕ ಮತ್ತೆ ಹಾಕಿಕೊಂಡ. ಎರಡು ಕಡೆ ಗುಳ್ಳೆಗಳು ಏಳುತ್ತಿದ್ದವು. ಅವಳದು ಯಾವುದು ಎಂದು ಕೇಳಿದ. ಹೊಸಬರದು ಅವಸರವಾಗಿ ಬರುತ್ತೆ ಸರ್, ಅದು, ಎಂದು ದೋಣಿಯವನು ಬೆರಳು ತೋರಿಸಿದ. ಆದರೆ ಬರಬರುತ್ತ ಎರಡೂ ಕಡೆಯವು ಒಂದೇ ನಿಧಾನದಲ್ಲಿ ಏಳತೊಡಗಿದವು. ದೋಣಿಯವನೂ ಬೆರಳು ಇಳಿಸಿದ. ಗುಳ್ಳೆಗಳು ಸರಿಯುತ್ತ ದೋಣಿಯ ಅಡಿಗೆ ಹೋದವು. ಅವನು ಎದ್ದು, ಒಂದು ಕೈಯಲ್ಲಿ ಕನ್ನಡಕ ಹಿಡಿದುಕೊಂಡು, ಇನ್ನೊಂದು ಪಕ್ಕಕ್ಕೆ ಹೋಗಿ ಬಗ್ಗಿ ನಿಂತ.